ಒಳಗೆ, ವರೆಗೆ, ಇಂದ, ಮಾಡು: ಇಂಗ್ಲಿಷಿನ ಎರಡು ಪದಗಳ ನಡುವೆ ಆರಿಸಿಕೊಳ್ಳುವುದು ಹೇಗೆ?

ಗೋಕರ್ಣದಲ್ಲಿ ಎರಡು ಕೋಣೆಯ ಹೋಮ್‌ಸ್ಟೇ ನಡೆಸುವ ಒಬ್ಬರು ವಾರಕ್ಕೆ ಎರಡು ಸಂಜೆ ಕುಮಟಾದ ನಮ್ಮ ಮನೆಗೆ ಇಂಗ್ಲಿಷ್ ಕಲಿಯಲು ಬರುತ್ತಾರೆ. ಒಂದು ದಿನ ಬಂದವರೇ ಮೊಬೈಲ್ ನನ್ನ ಮುಂದೆ ಹಿಡಿದರು. "ಅಕ್ಕೋರೇ, ಇದರಲ್ಲಿ ತಪ್ಪು ಎಲ್ಲಿದೆ, ಸ್ವಲ್ಪ ನೋಡಿ" ಅಂದರು. ಅತಿಥಿಗೆ ಅವರು ಕಳಿಸಿದ್ದ ಮೆಸೇಜ್ ಹೀಗಿತ್ತು: "ಪ್ಲೀಸ್ ವೆಕೇಟ್ ದಿ ರೂಮ್ ಅಂಟಿಲ್ ಟೆನ್." ಅತಿಥಿ ಬರೀ ಒಂದು ಪ್ರಶ್ನೆ ಚಿಹ್ನೆ ವಾಪಸ್ ಕಳಿಸಿದ್ದರು. ಮರುದಿನ ಹತ್ತೂವರೆಗೆ ಹೊಸಬರು ಬ್ಯಾಗ್ ಸಮೇತ ಅಂಗಳದಲ್ಲಿ ನಿಂತಿದ್ದರು, ಹಳಬರು ಇನ್ನೂ ಸ್ನಾನ ಮಾಡುತ್ತಿದ್ದರು.

ಅವರ ಮನಸ್ಸಿನಲ್ಲಿದ್ದ ಕನ್ನಡ ಸರಿಯಾಗಿಯೇ ಇತ್ತು: "ಹತ್ತರೊಳಗೆ ರೂಮ್ ಖಾಲಿ ಮಾಡಿ." ಇಂಗ್ಲಿಷಿಗೆ ದಾಟುವಾಗ ಕಾಲು ಜಾರಿತು. ಬೇಕಾಗಿದ್ದ ಪದ 'ಬೈ'. ಅವರು ಹಾಕಿದ್ದು 'ಅಂಟಿಲ್'.

ಈ ಜೋಡಿಯನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಕನ್ನಡವೇ ನಮ್ಮ ಕೈ ಹಿಡಿದು ನಡೆಸುತ್ತದೆ. 'ಒಳಗೆ' ಎಂದು ಹೇಳುವಲ್ಲಿ ಬೈ, 'ವರೆಗೆ' ಎಂದು ಹೇಳುವಲ್ಲಿ ಅಂಟಿಲ್ ಅಥವಾ ಟಿಲ್. ಐದರೊಳಗೆ ಫಾರ್ಮ್ ಕೊಡಿ: "ಬೈ ಫೈವ್." ಐದರವರೆಗೆ ಆಫೀಸ್ ತೆರೆದಿರುತ್ತದೆ: "ಅಂಟಿಲ್ ಫೈವ್." ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಅದನ್ನು ಹೇಳುವಾಗ "ಅಂಟಿಲ್ ಜುಲೈ 31". ದೋಣಿಗಳು ಮೇ 31ರೊಳಗೆ ದಡ ಸೇರಬೇಕು ಎನ್ನುವಾಗ "ಬೈ ಮೇ 31". ಒಂದು ಎಚ್ಚರ ಸಾಕು. ಗಡಿಯಾರದ ಗಂಟೆ ಅಥವಾ ತಾರೀಕು ಇದ್ದರೆ ಮಾತ್ರ 'ಒಳಗೆ' ಎಂಬುದು ಬೈ ಆಗುತ್ತದೆ. 'ಎರಡು ದಿನದೊಳಗೆ' ಎಂಬ ಹಾಗೆ ಅವಧಿ ಬಂದರೆ ಅದು 'ವಿದಿನ್ ಟೂ ಡೇಸ್'.

ಇಷ್ಟು ವರ್ಷ ಹೇಳಿಕೊಟ್ಟ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ನಾವು ಎಡವುವ ಜಾಗ ಹೆಚ್ಚಾಗಿ ಒಂದೇ. ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಎರಡೋ ಮೂರೋ ಪದ ಇರುವ ಕವಲು ಅದು. ನನ್ನ ಹತ್ತಿರ ಬರುವವರು ತರಹೇವಾರಿ ಜನ. ಕಾರವಾರದ ನೌಕಾನೆಲೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗ ಇದ್ದಾನೆ, ಅಂಕೋಲೆಯ ಬಟ್ಟೆ ಅಂಗಡಿಯ ಹುಡುಗಿ ಇದ್ದಾಳೆ, ಶಿರಸಿಯಿಂದ ಮದುವೆಯಾಗಿ ಬಂದ ಸೊಸೆ ಇದ್ದಾಳೆ, ಅಮೆರಿಕದ ಸೊಸೆಯ ಹತ್ತಿರ ವಿಡಿಯೋ ಕಾಲ್‌ನಲ್ಲಿ ಮಾತಾಡಬೇಕೆನ್ನುವ ನಿವೃತ್ತ ಮಾಸ್ತರು ಇದ್ದಾರೆ. ಓದಿನಲ್ಲಿ ಇವರೆಲ್ಲ ಬೇರೆ ಬೇರೆ. ತಪ್ಪುಗಳು ಮಾತ್ರ ಅಣ್ಣತಮ್ಮಂದಿರ ಹಾಗೆ ಒಂದೇ ಮುಖದವು. ಹಾಗಾಗಿ ಇಲ್ಲಿ ಆ ಕವಲುಗಳನ್ನೇ ಒಂದೊಂದಾಗಿ ನೋಡೋಣ.

ಎರಡು ವರ್ಷದಿಂದ, 2019ರಿಂದ

'ಇಂದ' ಎಂಬ ಈ ಪುಟ್ಟ ಪ್ರತ್ಯಯ ನಮಗೆ ಎರಡು ಕೆಲಸ ಮಾಡಿಕೊಡುತ್ತದೆ. "ಎರಡು ವರ್ಷದಿಂದ ಶಿರಸಿಯಲ್ಲಿದ್ದೇನೆ" ಎಂದಾಗ ಅದು ಉದ್ದ ಅಳೆಯುತ್ತದೆ. "2019ರಿಂದ ಶಿರಸಿಯಲ್ಲಿದ್ದೇನೆ" ಎಂದಾಗ ಎಲ್ಲಿ ಶುರುವಾಯಿತು ಎಂದು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಉದ್ದಕ್ಕೆ 'ಫಾರ್', ಶುರುವಿಗೆ 'ಸಿನ್ಸ್'. "ಸಿನ್ಸ್ ಟೂ ಇಯರ್ಸ್" ಎಂಬುದು ನಮ್ಮಲ್ಲಿ ತುಂಬಾ ಕೇಳಿಬರುತ್ತದೆ, ಆದರೆ ಅದು ತಪ್ಪು. ಪದದ ಮುಂದೆ 'ಎಷ್ಟು ಹೊತ್ತು' ಎಂದು ಕೇಳಿ ನೋಡಿ. ಉತ್ತರ ಬಂದರೆ ಫಾರ್. 'ಯಾವಾಗಿನಿಂದ' ಎಂದು ಕೇಳಿದಾಗ ಉತ್ತರ ಬಂದರೆ ಸಿನ್ಸ್.

ಇದಕ್ಕೆ ಕೈಗಾದಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಕಾರವಾರ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಂದು ಓಡಲು ಶುರು ಮಾಡಿ, 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ ಓಡಿತು. ಒಟ್ಟು 962 ದಿನ. 2018ರ ಡಿಸೆಂಬರ್‌ನಲ್ಲಿ ಅದರ ಬಗ್ಗೆ ಬರೆಯುವವರು "ರನ್ನಿಂಗ್ ಸಿನ್ಸ್ ಮೇ 2016" ಎನ್ನಬೇಕು. ನಿಂತ ಮೇಲೆ ಬರೆಯುವವರು "ರ‍್ಯಾನ್ ಫಾರ್ 962 ಡೇಸ್" ಎನ್ನಬೇಕು. ಶುರುವಾದ ದಿನಕ್ಕೆ ಒಂದು ಪದ, ಒಟ್ಟು ಲೆಕ್ಕಕ್ಕೆ ಇನ್ನೊಂದು.

ಇದೇ ಕೈಗಾ ಇನ್ನೊಂದು ಕವಲನ್ನೂ ಬಿಡಿಸಿಕೊಡುತ್ತದೆ. ನಾವು 'ರೆಕಾರ್ಡ್ ಮಾಡಿದ' ಎನ್ನುತ್ತೇವೆ. ಅದನ್ನೇ "ಮೇಡ್ ಎ ರೆಕಾರ್ಡ್" ಎಂದು ಬರೆಯುತ್ತೇವೆ. ಇಂಗ್ಲಿಷಿನವರ ಬಾಯಲ್ಲಿ ರೆಕಾರ್ಡಿಗೆ ಮೂರು ಜೊತೆಗಾರರು: ಸೆಟ್, ಹೋಲ್ಡ್, ಬ್ರೇಕ್. ಇಂಗ್ಲೆಂಡಿನ ಹೇಶಮ್ ಸ್ಥಾವರದ ಒಂದು ಘಟಕ 940 ದಿನ ಓಡಿ ದಾಖಲೆ ಸ್ಥಾಪಿಸಿತ್ತು, ಅಂದರೆ 'ಸೆಟ್'. ಕೈಗಾ ಅದನ್ನು ಮುರಿಯಿತು, ಅಂದರೆ 'ಬ್ರೋಕ್'. ಸುಮಾರು ಎರಡು ವರ್ಷ ದಾಖಲೆ ಕೈಗಾದ ಹೆಸರಲ್ಲೇ ಇತ್ತು, ಅಂದರೆ 'ಹೆಲ್ಡ್'. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಘಟಕ ಅದನ್ನೂ ಮುರಿಯಿತು. ಒಂದೇ ಕಥೆಯಲ್ಲಿ ಮೂರು ಕ್ರಿಯಾಪದ. ಇದನ್ನು ಒಮ್ಮೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ, ನಮ್ಮೂರಿನದು ಎಂಬ ಅಭಿಮಾನವೂ ಜೊತೆಗೆ ಇರುತ್ತದಲ್ಲ.

ಸಿನ್ಸ್ ಮತ್ತು ಫಾರ್ ಜೊತೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ "ಎರಡು ವರ್ಷದಿಂದ ಇಲ್ಲೇ ಇದ್ದೇನೆ" ಎಂದರೆ ಸಾಕು. ಇಂಗ್ಲಿಷಿನಲ್ಲಿ "ಐ ಆಮ್ ಹಿಯರ್ ಫಾರ್ ಟೂ ಇಯರ್ಸ್" ಎಂದರೆ ಇನ್ನು ಎರಡು ವರ್ಷ ಇಲ್ಲಿರುತ್ತೇನೆ ಎಂದೂ ಕೇಳಿಸಬಹುದು. ಹಿಂದಿನಿಂದ ಶುರುವಾಗಿ ಈಗಲೂ ನಡೆಯುತ್ತಿದ್ದರೆ "ಐ ಹ್ಯಾವ್ ಬೀನ್ ಹಿಯರ್" ಬೇಕು. ಆದರೆ 'ನಿನ್ನೆ', 'ಹೋದ ವಾರ' ಎಂಬ ಮುಗಿದ ಹೊತ್ತು ಬಂದಾಗ ಹ್ಯಾವ್ ಬಿಟ್ಟುಬಿಡಿ: "ಐ ಸಾ ಹಿಮ್ ಯೆಸ್ಟರ್‌ಡೇ."

ಪದಗಳ ಜೊತೆಗಾರಿಕೆ

ಸೀರೆ ಉಡುತ್ತೇವೆ. ಬಳೆ ತೊಡುತ್ತೇವೆ. ಹೂ ಮುಡಿಯುತ್ತೇವೆ. ಕುಂಕುಮ ಇಡುತ್ತೇವೆ. ಚಪ್ಪಲಿ ಮೆಟ್ಟುತ್ತೇವೆ. ಯಾರಾದರೂ ಬಂದು 'ಹೂ ಉಟ್ಟೆ' ಅಂದರೆ ನಮಗೆ ಅರ್ಥ ಆಗುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ. ಹೂವನ್ನು ಯಾಕೆ ಉಡಬಾರದು ಎಂದು ಅವರು ಕೇಳಿದರೆ ನಮ್ಮ ಹತ್ತಿರ ನಿಯಮ ಇಲ್ಲ. ಹೂವಿನ ಜೊತೆ ಬರುವುದು ಮುಡಿಯುವುದೇ, ಅಷ್ಟೇ. ಈ ಐದರಲ್ಲಿ ಹೆಚ್ಚಿನದಕ್ಕೆಲ್ಲ ಇಂಗ್ಲಿಷಿನವರಿಗೆ 'ವೇರ್' ಒಂದೇ ಸಾಕು. ಹಾಗೆಯೇ ನಮಗೆ ಒಂದೇ ಪದ ಸಾಕಾಗುವ ಕಡೆ ಅವರು ಐದು ಇಟ್ಟುಕೊಂಡಿದ್ದಾರೆ.

ಈ ಜೊತೆಗಾರಿಕೆಗೆ ಕೊಲೊಕೇಶನ್ ಎಂದು ಹೆಸರು. ಭಾಷೆಯ ಅಧ್ಯಯನದಲ್ಲಿ ಈ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಅವರು 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದರು. ನಮ್ಮಂಥವರಿಗೆ ಇಂಗ್ಲಿಷ್ ಕಲಿಸಿದ ಮನುಷ್ಯ ಎಂಬುದು ನನಗೆ ಇಷ್ಟವಾದ ಸಂಗತಿ.

ಮಾಡು

ಕನ್ನಡದ ಅತಿ ದುಡಿಯುವ ಪದ ಇದು. ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು, ತಪ್ಪು ಮಾಡು, ಸಾಲ ಮಾಡು, ಜಗಳ ಮಾಡು. ಇಂಗ್ಲಿಷಿಗೆ ಹೋದ ಕೂಡಲೇ ಎಲ್ಲವೂ ದಿಕ್ಕಾಪಾಲು.

ಮೊದಲ ಆಯ್ಕೆ 'ಡೂ' ಮತ್ತು 'ಮೇಕ್' ನಡುವೆ. ನಾನು ಹೇಳಿಕೊಡುವ ಪ್ರಶ್ನೆ ಇದು: ಮಾಡಿದ ಮೇಲೆ ಮೊದಲು ಇಲ್ಲದ್ದು ಏನಾದರೂ ಹುಟ್ಟಿತಾ? ಹುಟ್ಟಿದ್ದರೆ ಮೇಕ್. ಚಹಾ ಮಾಡಿದೆ, ಲೋಟದಲ್ಲಿ ಚಹಾ ಇದೆ: "ಮೇಕ್ ಟೀ." ಗಲಾಟೆ ಎದ್ದಿತು: "ಮೇಕ್ ಎ ನಾಯ್ಸ್." ತಪ್ಪು ಹುಟ್ಟಿತು: "ಮೇಕ್ ಎ ಮಿಸ್ಟೇಕ್." ಗೆಳೆಯರಾದರು, ದುಡ್ಡಾಯಿತು, ಪಟ್ಟಿ ತಯಾರಾಯಿತು: ಎಲ್ಲ ಮೇಕ್. ಪಾತ್ರೆ ತೊಳೆದರೆ ಹೊಸ ಪಾತ್ರೆ ಹುಟ್ಟುವುದಿಲ್ಲ, ಕೆಲಸ ಮುಗಿಯುತ್ತದೆ: "ಡೂ ದಿ ಡಿಶಸ್." ಹೋಮ್‌ವರ್ಕ್, ಶಾಪಿಂಗ್, ವ್ಯಾಯಾಮ, ಬಿಸಿನೆಸ್, ಉಪಕಾರ: ಎಲ್ಲ ಡೂ.

ಈ ಪ್ರಶ್ನೆ ಹತ್ತರಲ್ಲಿ ಎಂಟು ಸಲ ಕೈ ಹಿಡಿಯುತ್ತದೆ. ಉಳಿದದ್ದನ್ನು ಬಾಯಿಪಾಠವೇ ಮಾಡಬೇಕು. ಹಾಸಿಗೆ ಸರಿ ಮಾಡುವುದು "ಮೇಕ್ ದಿ ಬೆಡ್". ಹೋಮ್‌ಸ್ಟೇಯವರಿಗೆ ಇದು ದಿನಾ ಬೇಕು. ಹಾನಿ ಮಾಡುವುದು "ಡೂ ಹಾರ್ಮ್". ಹಾನಿ ಹೊಸದಾಗಿ ಹುಟ್ಟಿತಲ್ಲ ಎಂದು ಕೇಳಬೇಡಿ, 'ಹೂ ಉಟ್ಟೆ' ಎಂದವರಿಗೆ ನಾವು ಕೊಡುವ ಉತ್ತರವೇ ಅದಕ್ಕೂ.

ಡೂ, ಮೇಕ್ ಎರಡೂ ಬಾರದ ಜಾಗಗಳೇ ಜಾಸ್ತಿ. ಊಟ ಮಾಡುವುದು "ಹ್ಯಾವ್ ಲಂಚ್". "ಮೇಕ್ ಲಂಚ್" ಅಂದರೆ ಅಡುಗೆ ಮಾಡುವುದು. ಮಧ್ಯಾಹ್ನ ಅತಿಥಿಗಳಿಗೆ "ಡಿಡ್ ಯು ಮೇಕ್ ಲಂಚ್?" ಎಂದು ಕೇಳಿದರೆ, ನಾವೇ ಅಡುಗೆ ಮಾಡಿಕೊಳ್ಳಬೇಕಿತ್ತೇನೋ ಎಂದು ಅವರು ಗಾಬರಿಯಾಗುತ್ತಾರೆ. ಸ್ನಾನ "ಹ್ಯಾವ್ ಎ ಬಾತ್" ಅಥವಾ "ಟೇಕ್ ಎ ಬಾತ್". ಜಗಳ "ಹ್ಯಾವ್ ಎ ಫೈಟ್". ಅಪರಾಧ "ಕಮಿಟ್ ಎ ಕ್ರೈಮ್". ಸಾಲ ಮಾಡುವುದು "ಟೇಕ್ ಔಟ್ ಎ ಲೋನ್". ಭಾಷಣ "ಗಿವ್ ಎ ಸ್ಪೀಚ್". ಫೋನ್ ಮಾಡುವುದಕ್ಕೆ ಜೊತೆ ಪದವೇ ಬೇಡ, 'ಕಾಲ್' ಸಾಕು. ನಿರ್ಧಾರಕ್ಕೆ "ಮೇಕ್ ಎ ಡಿಸಿಶನ್" ಎಲ್ಲ ಕಡೆ ನಡೆಯುತ್ತದೆ. "ಟೇಕ್ ಎ ಡಿಸಿಶನ್" ಕೂಡ ಬ್ರಿಟಿಷ್ ಇಂಗ್ಲಿಷಿನಲ್ಲಿ ಇದೆ, ಹಾಗಾಗಿ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುವುದು ಸರಿಯಲ್ಲ.

ಪರೀಕ್ಷೆಯ ವಿಷಯ ಬೇರೆ. ನಾವು ಪರೀಕ್ಷೆ ಬರೆಯುತ್ತೇವೆ, ಹಾಗಾಗಿ "ರೈಟ್ ಆ್ಯನ್ ಎಕ್ಸಾಮ್". ಹಿಂದಿಯವರು ಪರೀಕ್ಷೆ ಕೊಡುತ್ತಾರೆ, ಹಾಗಾಗಿ "ಗಿವ್ ಆ್ಯನ್ ಎಕ್ಸಾಮ್". ಇಂಗ್ಲೆಂಡ್, ಅಮೆರಿಕದವರು "ಟೇಕ್ ಆ್ಯನ್ ಎಕ್ಸಾಮ್" ಎನ್ನುತ್ತಾರೆ. ಅವರ ಕಿವಿಗೆ 'ಗಿವ್' ಅಂದರೆ ಪರೀಕ್ಷೆ ನಡೆಸುವ ಮೇಷ್ಟ್ರು. 'ರೈಟ್' ಅಂದರೆ ಪ್ರಶ್ನೆಪತ್ರಿಕೆ ತಯಾರಿಸುವವರು ಎಂದೂ ಕೆಲವರು ತಿಳಿಯಬಹುದು. ಹೊರದೇಶಕ್ಕೆ ಅರ್ಜಿ ಬರೆಯುವಾಗ 'ಟೇಕ್' ಹಾಕಿ. ಊರಲ್ಲಿ ಮಾತಾಡುವಾಗ 'ರೈಟ್' ಅಂದರೆ ಯಾರಿಗೂ ತೊಂದರೆ ಇಲ್ಲ.

ಹಿಡಿ, ಹತ್ತು, ಇಳಿ

'ಹಿಡಿ' ನನಗೆ ಬಹಳ ಇಷ್ಟದ ಪದ. ಯಾಕೆಂದರೆ ಎರಡು ಭಾಷೆ ಇಲ್ಲಿ ಸ್ವಲ್ಪ ದೂರ ಜೊತೆಯಾಗಿ ನಡೆಯುತ್ತವೆ. ಮೀನು ಹಿಡಿ, ಬಸ್ ಹಿಡಿ, ಶೀತ ಹಿಡಿ, ಬೆಂಕಿ ಹಿಡಿ. ಇಂಗ್ಲಿಷಿನಲ್ಲೂ ನಾಲ್ಕಕ್ಕೂ ಒಂದೇ: ಕ್ಯಾಚ್ ಎ ಫಿಶ್, ಕ್ಯಾಚ್ ಎ ಬಸ್, ಕ್ಯಾಚ್ ಎ ಕೋಲ್ಡ್, ಕ್ಯಾಚ್ ಫೈರ್. ಮೊದಲ ಸಲ ಇದನ್ನು ಬೋರ್ಡಿನ ಮೇಲೆ ಬರೆದಾಗ ಮೀನುಗಾರರ ಮನೆಯ ಹುಡುಗನೊಬ್ಬ ಸುಮ್ನೆ ನೋಡುತ್ತಾ ಕೂತ. ಆಮೇಲೆ "ಅಕ್ಕೋರೇ, ಹಂಗಾರೆ ಇದು ನಮ್ಗೆ ಮೊದ್ಲೇ ಬರ್ತಿತ್ತು" ಅಂದ. ಹೌದು, ಬರುತ್ತಿತ್ತು.

ಆದರೆ ಅಲ್ಲಿಂದ ಮುಂದೆ ದಾರಿ ಒಡೆಯುತ್ತದೆ. ಕೈ ಹಿಡಿದುಕೊಳ್ಳುವುದು 'ಹೋಲ್ಡ್'. ತುಕ್ಕು ಹಿಡಿಯುವುದಕ್ಕೆ 'ರಸ್ಟ್' ಎಂಬ ಒಂದೇ ಕ್ರಿಯಾಪದ. ಹುಚ್ಚು ಹಿಡಿಯುವುದು "ಗೋ ಮ್ಯಾಡ್". ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವಲ್ಲಿ 'ಟೇಕ್'. ಓಡಿಹೋಗುವ ವಸ್ತುವನ್ನೋ, ಮೈಗೆ ಅಂಟುವ ಕಾಯಿಲೆಯನ್ನೋ ಹಿಡಿದರೆ ಕ್ಯಾಚ್ ಇರಬಹುದು ಎಂದು ಊಹಿಸಿ. ಕೈಯಲ್ಲಿ ಆಗಲೇ ಇರುವುದಾದರೆ ಹೋಲ್ಡ್.

'ಹತ್ತು', 'ಇಳಿ' ವಿಷಯದಲ್ಲಿ ಆಯ್ಕೆ ವಾಹನದ ಮೇಲೆ ನಿಂತಿದೆ. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ಹಡಗು ಇವಕ್ಕೆ 'ಗೆಟ್ ಆನ್', 'ಗೆಟ್ ಆಫ್'. ಬಗ್ಗಿ ಒಳಗೆ ಸೇರಬೇಕಾದ ಕಾರು, ಆಟೋಗೆ 'ಗೆಟ್ ಇನ್', 'ಗೆಟ್ ಔಟ್'. ಸಣ್ಣ ದೋಣಿಗೂ 'ಇನ್' ಸರಿ. ಸ್ಕೂಟರ್, ಸೈಕಲ್ಲಿಗೆ ಮಾತ್ರ ಓಡಾಡುವ ಜಾಗ ಇಲ್ಲದಿದ್ದರೂ 'ಆನ್', ಮೇಲೆ ಕೂರುತ್ತೇವಲ್ಲ ಅದಕ್ಕೆ. ಮರ ಹತ್ತುವುದು, ಘಟ್ಟ ಹತ್ತುವುದು 'ಕ್ಲೈಂಬ್'. ಬಸ್ಸನ್ನು 'ಕ್ಲೈಂಬ್' ಮಾಡಿದರೆ ಟಾಪಿನ ಮೇಲೆ ಹತ್ತಿದಂತೆ ಕೇಳಿಸುತ್ತದೆ.

ಜೋರು

ನಮ್ಮ ಕಡೆ ಆರು ತಿಂಗಳ ಮಾತೆಲ್ಲ ಈ ಪದದ ಮೇಲೆ ನಡೆಯುತ್ತದೆ. ಮಳೆ ಜೋರು, ಗಾಳಿ ಜೋರು, ಸಮುದ್ರ ಜೋರು. ಜ್ವರವೂ ಜೋರು, ಧ್ವನಿಯೂ ಜೋರು, ಜಾತ್ರೆ ಹೊತ್ತಿನ ವ್ಯಾಪಾರವೂ ಜೋರು. ಇಂಗ್ಲಿಷಿನಲ್ಲಿ ಮಳೆಗೆ 'ಹೆವಿ', ಗಾಳಿಗೆ 'ಸ್ಟ್ರಾಂಗ್', ಸಮುದ್ರಕ್ಕೆ 'ರಫ್', ಜ್ವರಕ್ಕೆ 'ಹೈ', ಧ್ವನಿಗೆ 'ಲೌಡ್', ವ್ಯಾಪಾರಕ್ಕೆ 'ಬ್ರಿಸ್ಕ್'. "ಹೆವಿ ವಿಂಡ್" ಎಂದು ಬರೆದವರ ಅರ್ಥ ತಿಳಿಯುತ್ತದೆ, ಆದರೆ ಅದು ಹೂ ಉಟ್ಟ ಹಾಗೆ. ಚಹಾ ಸ್ಟ್ರಾಂಗ್, ಟ್ರಾಫಿಕ್ ಹೆವಿ. ಇಲ್ಲಿ ಯಾವ ಪ್ರಶ್ನೆಯೂ ಸಹಾಯಕ್ಕೆ ಬರುವುದಿಲ್ಲ. ಜೋಡಿಯಾಗಿಯೇ ಕಲಿಯಬೇಕು. ನೋಟ್‌ಬುಕ್ಕಿನಲ್ಲಿ 'ರೇನ್ ಅಂದರೆ ಮಳೆ' ಎಂದು ಬರೆಯುವ ಬದಲು 'ಹೆವಿ ರೇನ್ ಅಂದರೆ ಜೋರು ಮಳೆ' ಎಂದು ಬರೆದುಕೊಳ್ಳಿ.

ಮಳೆಯ ಮಾತು ಬಂದಾಗ ಇದನ್ನೂ ಹೇಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆ ದಿನಗಳಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಹೊರ ಊರಿನ ಗೆಳೆಯರಿಗೆ "ಹಿಲ್ ಕೊಲ್ಯಾಪ್ಸ್" ಎಂದು ಬರೆಯುತ್ತಿದ್ದರು. ಗುಡ್ಡ ಕುಸಿತಕ್ಕೆ ಇಂಗ್ಲಿಷಿನ ಮಾತು 'ಲ್ಯಾಂಡ್‌ಸ್ಲೈಡ್'. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದಾಗ ಮಾತ್ರ 'ಕೊಲ್ಯಾಪ್ಸ್' ಸರಿಯಾದ ಪದ. ಕಟ್ಟಿದ್ದು ಕುಸಿದರೆ ಕೊಲ್ಯಾಪ್ಸ್, ಮಣ್ಣು ಜಾರಿದರೆ ಲ್ಯಾಂಡ್‌ಸ್ಲೈಡ್. ಕಷ್ಟದ ಹೊತ್ತಿನಲ್ಲಿ ಸುದ್ದಿ ಸರಿಯಾಗಿ ತಲುಪಬೇಕು. ಅದಕ್ಕೇ ಇಂಥ ಪದಗಳ ಬಗ್ಗೆ ನಾನು ಸ್ವಲ್ಪ ಹಟ ಹಿಡಿಯುತ್ತೇನೆ.

ನಿಷೇಧಕ್ಕೂ ಜೋಡಿ ಇದೆ. ಮೀನುಗಾರಿಕೆ ನಿಷೇಧ ಹೇರುವುದು "ಇಂಪೋಸ್ ಎ ಬ್ಯಾನ್", ತೆರವು ಮಾಡುವುದು "ಲಿಫ್ಟ್ ಎ ಬ್ಯಾನ್". ಹೇರಿದ ಹೊರೆಯನ್ನು ಎತ್ತುತ್ತಾರೆ ಎಂದು ನೆನಪಿಟ್ಟುಕೊಳ್ಳಿ.

ಶಿರಸಿಯ ಅಡಿಕೆ ಮನೆಗಳಿಂದ ಬರುವವರಿಗೆ ಎರಡು ಮಾತು. ದರ ಜಾಸ್ತಿ ಎನ್ನಲು "ದಿ ಪ್ರೈಸ್ ಈಸ್ ಕಾಸ್ಟ್ಲಿ" ಎನ್ನಬೇಡಿ. ಪ್ರೈಸ್ 'ಹೈ' ಆಗುತ್ತದೆ, ವಸ್ತು 'ಎಕ್ಸ್‌ಪೆನ್ಸಿವ್' ಆಗುತ್ತದೆ. ಇನ್ನು, ಅಡಿಕೆಗೆ 'ಬೀಟಲ್ ನಟ್' ಎಂಬ ಹೆಸರು ಬಳಕೆಯಲ್ಲಿದ್ದರೂ ಬೀಟಲ್ ಎಂದರೆ ವೀಳ್ಯದೆಲೆಯ ಬಳ್ಳಿ. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುತ್ತೇವೆ ಎಂದು ಹೆಸರು ಅಂಟಿಕೊಂಡಿದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಶಿರಸಿ ಅಡಿಕೆಯ ಬಗ್ಗೆ ಬರೆಯುವಾಗ 'ಅರೆಕಾ ನಟ್' ಎಂದೇ ಬರೆಯಿರಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅಂದರೆ "ಎವೆರಿ ಟೂ ಇಯರ್ಸ್". 'ಬೈಯೆನಿಯಲ್' ಎಂದರೂ ಸರಿ. 'ಬೈಯಾನ್ಯುಯಲ್' ಎಂದರೆ ವರ್ಷಕ್ಕೆರಡು ಸಲ, ಅದು ಬೇಡ.

ಬಗ್ಗೆ, ಜೊತೆ, ಗೆ

ಕನ್ನಡದಲ್ಲಿ ಪ್ರತ್ಯಯ ಬೇಕೇ ಬೇಕು. ಅದನ್ನೇ ಇಂಗ್ಲಿಷಿಗೂ ಹೊತ್ತುಕೊಂಡು ಹೋಗುತ್ತೇವೆ. ವಿಷಯದ ಬಗ್ಗೆ ಚರ್ಚಿಸಿದೆವು, ಹಾಗಾಗಿ "ಡಿಸ್ಕಸ್ಡ್ ಅಬೌಟ್". ಇಲ್ಲ, ಡಿಸ್ಕಸ್ ಒಳಗೇ ಅಬೌಟ್ ಇದೆ. ಕಾರವಾರಕ್ಕೆ ತಲುಪಿದೆ ಎನ್ನಲು "ರೀಚ್ಡ್ ಕಾರವಾರ್" ಸಾಕು. "ವಿಸಿಟೆಡ್ ಟು" ಕೂಡ ಬೇಡ. ರವೀಂದ್ರನಾಥ ಟಾಗೋರರು ಯುವಕರಾಗಿದ್ದಾಗ ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು: "ಟಾಗೋರ್ ವಿಸಿಟೆಡ್ ಕಾರವಾರ್." ಇದಕ್ಕೆ ಉಲ್ಟಾ 'ಎಕ್ಸ್‌ಪ್ಲೇನ್'. ನನಗೆ ವಿವರಿಸಿ ಎನ್ನುವಾಗ "ಎಕ್ಸ್‌ಪ್ಲೇನ್ ಮಿ" ಎಂದು 'ಟು' ಬಿಟ್ಟುಬಿಡುತ್ತೇವೆ. ಅಲ್ಲಿ "ಎಕ್ಸ್‌ಪ್ಲೇನ್ ಟು ಮಿ" ಬೇಕು. ಅವಳ ಜೊತೆ ಮದುವೆ ಎಂಬುದು "ಮ್ಯಾರೀಡ್ ಟು".

'ಹೇಳು' ಪದಕ್ಕೆ 'ಸೇ' ಮತ್ತು 'ಟೆಲ್'. ಯಾರಿಗೆ ಹೇಳಿದರು ಎಂಬುದು ವಾಕ್ಯದಲ್ಲಿ ತಕ್ಷಣ ಬಂದರೆ ಟೆಲ್: "ಹಿ ಟೋಲ್ಡ್ ಮಿ." ಬಾರದಿದ್ದರೆ ಸೇ: "ಹಿ ಸೆಡ್ ದ್ಯಾಟ್." "ಹಿ ಟೋಲ್ಡ್ ದ್ಯಾಟ್" ತಪ್ಪು. ಸುಳ್ಳು ಹೇಳುವುದು, ಕಥೆ ಹೇಳುವುದು ಮಾತ್ರ ಯಾವಾಗಲೂ ಟೆಲ್.

ಎ, ಆ್ಯನ್, ದಿ

ನಮಗೆ ಆರ್ಟಿಕಲ್ ಇಲ್ಲ, ಆದರೆ ಆ ಅರಿವು ಇದೆ. "ಪುಸ್ತಕ ತಂದೆ" ಎಂದರೆ ಯಾವುದೋ ಒಂದು. "ಪುಸ್ತಕವನ್ನು ತಂದೆ" ಎಂದರೆ ಹೆಚ್ಚಾಗಿ ಇಬ್ಬರಿಗೂ ಗೊತ್ತಿರುವ ಆ ಪುಸ್ತಕ. ಮೊದಲನೆಯದು 'ಎ', ಎರಡನೆಯದು 'ದಿ'. ನೂರಕ್ಕೆ ನೂರು ಅಲ್ಲ, ಆದರೂ ಶುರು ಮಾಡಲು ಒಳ್ಳೆಯ ಮೆಟ್ಟಿಲು.

'ಎ' ಮತ್ತು 'ಆ್ಯನ್' ನಡುವೆ ಆರಿಸಲು ಕನ್ನಡ ಲಿಪಿಯಂಥ ಸಾಧನ ಬೇರೆ ಇಲ್ಲ. ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದ ಶುರುವಾದರೆ ಎ. ಅವರ್: ಆ್ಯನ್. ಯೂನಿವರ್ಸಿಟಿ: ಎ. ಎಂಎಲ್‌ಎ: ಆ್ಯನ್. ಯುರೋಪಿಯನ್: ಎ. ಇಂಗ್ಲಿಷ್ ಅಕ್ಷರ ನೋಡಿ ಗೊಂದಲವಾಗುವ ಈ ನಾಲ್ಕೂ ಕನ್ನಡದಲ್ಲಿ ಬರೆದ ತಕ್ಷಣ ತಾವಾಗಿಯೇ ಬಾಯಿ ಬಿಡುತ್ತವೆ. ನೌಕಾನೆಲೆಗೆ ಅರ್ಜಿ ಹಾಕಿದ ಹುಡುಗ ಈಗ ಅರ್ಜಿಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದು ನೋಡಿ, ಆಮೇಲೆ ಅಳಿಸುತ್ತಾನೆ.

ಊರಿನ ಹೆಸರುಗಳಿಗೆ ಹೀಗೆ: ನದಿಗಳಿಗೆ 'ದಿ' ಬೇಕು. ದಿ ಕಾಳಿ, ದಿ ಗಂಗಾವಳಿ, ದಿ ಅಘನಾಶಿನಿ, ದಿ ಶರಾವತಿ. ಸಮುದ್ರಕ್ಕೆ, ಬೆಟ್ಟಸಾಲಿಗೆ ಬೇಕು: ದಿ ಅರೇಬಿಯನ್ ಸೀ, ದಿ ವೆಸ್ಟರ್ನ್ ಘಾಟ್ಸ್. ಜಲಪಾತಕ್ಕೆ, ಬೀಚಿಗೆ ಬೇಡ: ಉಂಚಳ್ಳಿ ಫಾಲ್ಸ್, ಓಂ ಬೀಚ್. ಊರಿಗಂತೂ ಬೇಡವೇ ಬೇಡ.

ಇನ್ನೂ, ಅಲ್ವಾ

'ಇನ್ನೂ' ಮೂರು ಕಡೆ ಒಡೆಯುತ್ತದೆ. ಇನ್ನೂ ಮಳೆ ಬರುತ್ತಿದೆ: 'ಸ್ಟಿಲ್'. ಇನ್ನೂ ಬಸ್ ಬಂದಿಲ್ಲ: 'ಯೆಟ್'. ಇನ್ನೂ ಎರಡು ಕೊಡಿ: 'ಮೋರ್'. ನಡೆಯುತ್ತಲೇ ಇದ್ದರೆ ಸ್ಟಿಲ್, ಆಗದೆ ಉಳಿದಿದ್ದರೆ ಯೆಟ್.

'ಅಲ್ವಾ' ಎಲ್ಲ ವಾಕ್ಯಕ್ಕೂ ಬಾಲವಾಗುತ್ತದೆ, ಅದಕ್ಕೆ ನಾವು ಎಲ್ಲದಕ್ಕೂ "ಇಸಂಟ್ ಇಟ್" ಕಟ್ಟುತ್ತೇವೆ. "ಯು ಆರ್ ಕಮಿಂಗ್" ಎಂಬುದಕ್ಕೆ "ಆರಂಟ್ ಯು" ಬರಬೇಕು, "ಹಿ ವೆಂಟ್" ಎಂಬುದಕ್ಕೆ "ಡಿಡಂಟ್ ಹಿ". ಮಾತಿನ ರಭಸದಲ್ಲಿ ಇದನ್ನು ಲೆಕ್ಕ ಹಾಕಲು ಆಗದಿದ್ದರೆ ಸುಮ್ನೆ "ರೈಟ್?" ಎಂದುಬಿಡಿ. ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪೂರ್ತಿ ರೂಪ ಬರೆಯಬೇಕು.

ನಮ್ಮ ಇಂಗ್ಲಿಷ್, ಹೊರಗಿನ ಇಂಗ್ಲಿಷ್

"ಔಟ್ ಆಫ್ ಸ್ಟೇಷನ್", "ಪ್ರಿಪೋನ್", "ಕಸಿನ್ ಬ್ರದರ್" ಇವೆಲ್ಲ ತಪ್ಪೇ ಎಂದು ಕೇಳುತ್ತಾರೆ. ಭಾರತದೊಳಗೆ ಇವು ಜೀವಂತ ಮಾತು, ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಓದುವವರು ಯಾರು ಎಂದು ನೋಡಿ ಆರಿಸಿ. ಬೆಂಗಳೂರಿನ ಆಫೀಸಿಗೆ "ಪ್ರಿಪೋನ್" ಬರೆಯಬಹುದು. ಜರ್ಮನಿಯ ಅತಿಥಿಗೆ "ಮೂವ್ ಇಟ್ ಅರ್ಲಿಯರ್" ಎನ್ನಿ. ಒಂದನ್ನು ಮಾತ್ರ ಬಿಡಲೇಬೇಕು: "ಪಾಸ್ಡ್ ಔಟ್ ಇನ್ 2020." ಹೊರಗಿನವರಿಗೆ ಅದು ಮೂರ್ಛೆ ಹೋದದ್ದು. ಡಿಗ್ರಿ ಮುಗಿಸಿದ್ದಕ್ಕೆ 'ಗ್ರ್ಯಾಜುಯೇಟೆಡ್' ಸರಿ. ನೌಕಾಪಡೆಯ 'ಪಾಸಿಂಗ್ ಔಟ್ ಪರೇಡ್' ಬೇರೆ ವಿಷಯ, ಅದು ಬ್ರಿಟಿಷ್ ಇಂಗ್ಲಿಷಿನಲ್ಲೂ ಸರಿಯಾದ ಮಾತೇ.

ಅನುಮಾನ ಬಂದಾಗ ಎಲ್ಲಿ ನೋಡಬೇಕು? ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಹೇಳುತ್ತದೆ, ಜೊತೆಗಾರರನ್ನು ಅಷ್ಟಾಗಿ ಹೇಳುವುದಿಲ್ಲ. ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಜಾಸ್ತಿ ಓದಿ. ಮೊಬೈಲಿನ ಅನುವಾದವನ್ನು ನಂಬಿ ಕಳಿಸುವುದಾದರೆ, ಅದನ್ನೇ ತಿರುಗಿ ಕನ್ನಡಕ್ಕೆ ಹಾಕಿ ಒಮ್ಮೆ ಓದಿ. ಆಗ 'ಒಳಗೆ' ಇದ್ದದ್ದು 'ವರೆಗೆ' ಆಗಿದ್ದರೆ ಗೊತ್ತಾಗುತ್ತದೆ.

ಬರ್ತೇನೆ

ಹೊರಡುವಾಗ ನಾವು 'ಹೋಗ್ತೇನೆ' ಎನ್ನುವುದಿಲ್ಲ. 'ಬರ್ತೇನೆ' ಎನ್ನುತ್ತೇವೆ. ಒಳಗಿನಿಂದ ಯಾರಾದರೂ ಕರೆದರೆ ಎದ್ದೇ ಇರುವುದಿಲ್ಲ, ಆಗಲೇ 'ಬಂದೆ, ಬಂದೆ' ಎನ್ನುತ್ತೇವೆ. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ "ಕಮಿಂಗ್!" ಎಂದರೆ ಆಯಿತು, "ಐ ಕೇಮ್" ಅಲ್ಲ. ಮೊದಲನೆಯದು ಕಷ್ಟ. ನಿವೃತ್ತ ಮಾಸ್ತರು ಪ್ರತಿ ವಿಡಿಯೋ ಕಾಲ್ ಕೊನೆಗೆ ಸೊಸೆಗೆ "ಐ ವಿಲ್ ಕಮ್" ಎನ್ನುತ್ತಿದ್ದರು. ಮೂರನೆಯ ಸಲ ಆಕೆ ಸಂಕೋಚದಿಂದ, ಟಿಕೆಟ್ ಯಾವಾಗಿನದು ಎಂದು ಗಂಡನ ಹತ್ತಿರ ಕೇಳಿದಳಂತೆ. ಮಾಸ್ತರಿಗೆ ಬಹಳ ಬೇಜಾರಾಯಿತು. ನಾವಿಬ್ಬರೂ ಕೂತು ಹುಡುಕಿದೆವು. ಬಾಗಿಲಲ್ಲಿ ಹೊರಡುವಾಗ "ಐ ಶುಡ್ ಗೆಟ್ ಗೋಯಿಂಗ್" ಅಥವಾ "ಸೀ ಯು", ಫೋನ್ ಇಡುವಾಗ "ಟಾಕ್ ಟು ಯು ಸೂನ್". ಮೂರನೆಯದನ್ನು ಅವರು ಕನ್ನಡದಲ್ಲಿ ಬರೆದು ಮೊಬೈಲಿನ ಹಿಂಬದಿಗೆ ಅಂಟಿಸಿಕೊಂಡಿದ್ದಾರೆ. ಈಗ ಸೊಸೆಗೆ ಅದನ್ನು ಹೇಳುತ್ತಾರೆ. ಆಮೇಲೆ ಮಗನ ಕಡೆ ತಿರುಗಿ, "ಬರ್ತೇನೆ ತಮ್ಮಾ" ಎಂದು ಫೋನ್ ಇಡುತ್ತಾರೆ.